ತೋಟೆಯ ಬುಡ ಸವರುವ ಹೆಬ್ಬೆರಳು

ನನಗೆ ಹನ್ನೊಂದು ತುಂಬಿದ ವರ್ಷ ಅಪ್ಪ ಒಂದು ಮಾತು ಕೊಟ್ಟಿದ್ದ. ನೆಲಮಾಳಿಗೆಯ ಬೆಂಚಿನ ಮುಂದೆ ನಿಂತು, ನಾನು ಮೊದಲ ಸಲ ಒಬ್ಬಳೇ ಹಿತ್ತಾಳೆ ಕೊಳವೆಗೆ ಮದ್ದು, ಗುಂಡು ಹಾಕಿ ತುಂಬಿದ ಆರು ತೋಟೆಗಳನ್ನು ಅಂಗೈಯಲ್ಲಿ ಉರುಳಿಸುತ್ತ ಹೇಳಿದ್ದ: "ಒಂದಲ್ಲ ಒಂದು ದಿನ ನೀನು ತುಂಬಿದ್ದನ್ನ ನನ್ನ ರಿವಾಲ್ವರಿಗೆ ಹಾಕಿ ಹಾರಿಸ್ತೀನಿ ಕಣೇ ಸೈಮಾ. ಹೆಬ್ಬೆರಳು ಆಡಿಸದೇನೇ."

ಹೆಬ್ಬೆರಳಿನ ವಿಷಯ ಹೇಳಬೇಕು. ಪ್ರತಿ ತೋಟೆಯ ಬುಡದಲ್ಲಿ ಬೇಳೆಕಾಳಿನಷ್ಟು ಅಗಲದ, ಲೋಹದ ಪುಟ್ಟ ಬಟ್ಟಲೊಂದು ಕೂತಿರುತ್ತದೆ. ಅದೇ ಪ್ರೈಮರ್. ರಿವಾಲ್ವರಿನ ಹಿಂದಿನ ಕುದುರೆ, ಅಂದರೆ ಪುಟ್ಟ ಸುತ್ತಿಗೆ, ಬಂದು ಅದಕ್ಕೆ ಬಡಿದರೆ ಕಿಡಿ, ಕಿಡಿ ಒಳಗಿನ ಮದ್ದಿಗೆ ತಾಗಿದರೆ ಗುಂಡು ಹಾರುತ್ತದೆ. ಪ್ರೈಮರ್ ಕೂದಲೆಳೆಯಷ್ಟು ಮೇಲೆದ್ದು ಕೂತಿದ್ದರೂ ಕೆಲಸ ಕೆಡುತ್ತದೆ. ಕಣ್ಣಿಗೆ ಕಾಣದ ಆ ಕೂದಲೆಳೆ ಬೆರಳಿಗೆ ಸಿಗುತ್ತದೆ. ಅದಕ್ಕೇ ಅಪ್ಪ ಪ್ರತಿ ತೋಟೆಯ ಬುಡವನ್ನೂ ಹೆಬ್ಬೆರಳಿನಿಂದ ಸವರಿಯೇ ಡಬ್ಬಿಗೆ ಇಡುತ್ತಿದ್ದ, ಡಬ್ಬಿಯಿಂದ ತೆಗೆದು ಗನ್ನಿಗೆ ಹಾಕುವಾಗ ಇನ್ನೊಮ್ಮೆ ಸವರುತ್ತಿದ್ದ. ತಾನೇ ತುಂಬಿದ್ದಕ್ಕೂ ಅಷ್ಟೇ.

ಬೇರೆಯವರು ತುಂಬಿದ್ದನ್ನಂತೂ ಮುಟ್ಟುತ್ತಿರಲಿಲ್ಲ. ಅವನ ತಮ್ಮ ಆರ್ವೊ ಚಿಕ್ಕಪ್ಪನಿಗೆ ಎಡಗೈಯಲ್ಲಿ ಮೂರೇ ಬೆರಳು. ಗೆಳೆಯನೊಬ್ಬ ಪ್ರೀತಿಯಿಂದ ಕೊಟ್ಟ ತೋಟೆ ಅವನ ಕೈಯಲ್ಲೇ ಗನ್ನನ್ನು ಸೀಳಿತ್ತು. "ಹಲ್ಲುಜ್ಜೋ ಬ್ರಷ್ಷು, ಹೆಂಡ್ತಿ, ತೋಟೆ, ಮೂರೂ ಇನ್ನೊಬ್ಬರದು ಬೇಡ" ಅನ್ನುವುದು ನಮ್ಮ ಕಡೆಯ ಗಂಡಸರ ಮಾತು. ಅಪ್ಪ ಹೆಂಡತಿಯ ಹೆಸರು ಬಿಟ್ಟು ಉಳಿದೆರಡನ್ನು ಹೇಳುತ್ತಿದ್ದ. ಅಮ್ಮ ಅಲ್ಲೇ ಇರುತ್ತಿದ್ದಳಲ್ಲ.

ಹೀಗಾಗಿ ಆ ಮಾತು ದೊಡ್ಡದು ಅಂತ ನನಗೆ ಆಗಲೇ ಗೊತ್ತಿತ್ತು. ಆಮೇಲೆ ಮೂವತ್ತೆರಡು ವರ್ಷ ನಾನು ತುಂಬಿದ ಡಬ್ಬಿಗಳನ್ನು ಅವನ ಮುಂದೆ ಇಡುತ್ತಲೇ ಬಂದೆ. ಅವನು ಒಂದೊಂದನ್ನೂ ತೆಗೆದು, ಬುಡ ಸವರಿ, ಮೂತಿ ನೋಡಿ, ಮತ್ತೆ ಡಬ್ಬಿಯಲ್ಲಿಟ್ಟು ನನ್ನ ಕಡೆಗೇ ತಳ್ಳುತ್ತಿದ್ದ. "ಚೆನ್ನಾಗಿದಾವೆ. ನಿನ್ನ ಗನ್ನಿಗೆ ಹಾಕ್ಕೋ."

ಈಗ ಅವನಿಗೆ ಎಂಬತ್ತೊಂದು. ಅಮ್ಮ ಹೋಗಿ ಆರು ವರ್ಷ. ಅವನು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದಾನೆ, ಬೆಂಚು ನೆಲಮಾಳಿಗೆಗೆ ಅವನ ಜೊತೆಗೇ ಬಂದಿದೆ. ಗಂಡ ಗ್ಲೆನ್ ಅದಿರು ಸಾಗಿಸುವ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ದೊಡ್ಡ ಸರೋವರ ಹೆಪ್ಪುಗಟ್ಟುವ ತನಕ ಮನೆಗೆ ಬರುವುದಿಲ್ಲ. ನಾನು ಬೆಳಗಿನ ನಾಲ್ಕೂವರೆಗೆ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಬ್ರೆಡ್ ಹಿಟ್ಟು ನಾದಲು ನಿಂತರೆ ಮಧ್ಯಾಹ್ನ ಒಂದಕ್ಕೆ ಬಿಡುಗಡೆ. ಆಮೇಲೆ ಮಕ್ಕಳು, ಬಟ್ಟೆ, ಅಪ್ಪನ ಮಾತ್ರೆ. ಇಷ್ಟರ ನಡುವೆ ಬೆಂಚಿನ ಮುಂದೆ ಕೂರುವ ಒಂದು ಗಂಟೆ ನನ್ನದು.

ಈ ವರ್ಷದ ಮಾರ್ಚಿನಲ್ಲಿ ಅಪ್ಪ ಒಂದೇ ಕೊಳವೆಗೆ ಎರಡು ಸಲ ಮದ್ದು ಸುರಿದ. ಕೈ ನಡುಕ ಎರಡು ವರ್ಷದಿಂದ ಇತ್ತು, ಗಮನ ಜಾರಿದ್ದು ಅದೇ ಮೊದಲು. ಹಾಗೇ ಹಾರಿಸಿದ್ದರೆ ಗನ್ನೇ ಸೀಳುತ್ತಿತ್ತು. ಗುಂಡು ಕೂರಿಸುವ ಮುಂಚೆ ತಾನೇ ಕಂಡುಹಿಡಿದ. ಆದರೂ ಅಂದೇ ಬೆಂಚಿನ ಮೇಲೆ ಹಳೆಯ ಹೂವಿನ ಬೆಡ್‌ಶೀಟ್ ಹೊದಿಸಿ ಮೇಲೆ ಬಂದುಬಿಟ್ಟ. ಬಿಟ್ಟುಬಿಡು ಅಂತ ಯಾರೂ ಹೇಳಿರಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಡೆನ್ಜಿಲ್ ಟ್ರೆವಾರೊ ಬಂದರು. ಅಪ್ಪನಿಗಿಂತ ಎರಡು ವರ್ಷ ಚಿಕ್ಕವರು. ಒಂದೇ ಗಣಿಯಲ್ಲಿ ದುಡಿದವರು, ಅವರು ನೆಲದಡಿಯಲ್ಲಿ, ಅಪ್ಪ ಮೇಲಿನ ಶೆಡ್ಡಿನ ಲೇತಿನಲ್ಲಿ. ಕೈಯಲ್ಲಿ ಕಾಗದದ ಚೀಲ, ಅದರಲ್ಲಿ ಬಿಸಿ ಪ್ಯಾಸ್ಟಿ, ಮಾಂಸ, ಗೆಡ್ಡೆ ತುಂಬಿ ಸುಟ್ಟ, ಅವರ ಅಜ್ಜಂದಿರ ಕಾಲದ ಕಡುಬು.

"ತೌನೊ, ಬದುಕಿದೀಯೇನೋ?"

"ನಿನ್ನ ಪ್ಯಾಸ್ಟಿ ತಿಂದಮೇಲೆ ಹೇಳ್ತೀನಿ."

"ಈ ಸಲ ಹಳದಿ ಗೆಡ್ಡೆ ಧಾರಾಳವಾಗಿ ಹಾಕ್ಸಿದೀನಿ. ನಿಮ್ಮ ಜನದ ಥರ ಕ್ಯಾರೆಟ್ ತುರುಕಿಲ್ಲ." ಅಪ್ಪನ ಕೈ ಕೆಚಪ್ ಬಾಟಲಿಯ ಕಡೆ ಹೋಯಿತು. ಡೆನ್ಜಿಲ್ ಕಣ್ಣು ಮುಚ್ಚಿಕೊಂಡರು. "ನಾನಿರುವಾಗ ಅದನ್ನ ಸುರೀಬೇಡ ಮಾರಾಯ. ನಮ್ಮಜ್ಜ ಗೋರಿಯಿಂದ ಎದ್ದು ಬರ್ತಾನೆ."

"ಬರಲಿ. ಅವನಿಗೂ ಒಂಚೂರು ಹಾಕ್ತೀನಿ."

ಪ್ಯಾಸ್ಟಿ ಅರ್ಧವಾದಾಗ ಡೆನ್ಜಿಲ್ ಜೇಬಿನಿಂದ ಮಡಚಿದ ಕಾಗದ ತೆಗೆದರು. ಅಕ್ಟೋಬರ್ ಮೊದಲ ಶನಿವಾರದ ಹಳಬರ ಪಂದ್ಯ. ಶೂಟಿಂಗ್ ಕ್ಲಬ್ ಶುರುವಾದಾಗಿನಿಂದ ನಲವತ್ತೊಂದು ಸಲ ನಡೆದಿದೆ. ಅಪ್ಪ ನಲವತ್ತೊಂದರಲ್ಲೂ ನಿಂತಿದ್ದಾನೆ. ಅಷ್ಟು ಸಲ ನಿಂತವರು ಇನ್ನೊಬ್ಬರಿಲ್ಲ.

"ಹೆಸರು ಬರಿ."

"ಈ ವರ್ಷ ಬೇಡ ಕಣೋ."

"ಯಾಕೆ, ಮದುವೆ ಇದೆಯಾ?"

"ತೋಟೆ ಇಲ್ಲ. ಅರವತ್ತು ಬೇಕು, ನನ್ನ ಹತ್ರ ಹದಿನಾಲ್ಕಿದೆ. ಅಂಗಡೀಲಿ ಸಿಗಲ್ಲ. ಪ್ರೈಮರ್ ಅಂತೂ ಒಂದು ವರ್ಷದಿಂದ ಕಣ್ಣಿಗೆ ಕಂಡಿಲ್ಲ."

ಅದು ಸುಳ್ಳಲ್ಲ. ಈ ವರ್ಷ ಅಂಗಡಿಯ ಕಪಾಟುಗಳು ಖಾಲಿ ಹೊಡೆಯುತ್ತಿದ್ದವು. ಲಾರಿ ಬರುವ ದಿನ ಜನ ಬಾಗಿಲು ತೆಗೆಯುವ ಮುಂಚೆಯೇ ಸಾಲು ನಿಂತು, ಒಬ್ಬರಿಗೆ ನೂರು ಅಂತ ಕೊಟ್ಟದ್ದನ್ನು ಎದೆಗೆ ಅವುಚಿಕೊಂಡು ಹೋಗುತ್ತಿದ್ದರು. ಆದರೆ ಪೂರ್ತಿ ನಿಜವೂ ಅಲ್ಲ ಅನ್ನುವುದು ಕೆಳಗಿನ ಬೆಡ್‌ಶೀಟಿಗೆ ಗೊತ್ತಿತ್ತು.

"ನಾನು ಕೊಡ್ತೀನಿ ಅರವತ್ತು," ಎಂದರು ಡೆನ್ಜಿಲ್.

ಅಪ್ಪ ಅವರನ್ನು ನೋಡಿದ ರೀತಿಗೆ ಡೆನ್ಜಿಲ್ ಎರಡೂ ಕೈ ಎತ್ತಿದರು. "ಸರಿ ಸರಿ. ಬಾಯಿ ತಪ್ಪಿ ಬಂತು. ಮರೆತುಬಿಡು."

ನಾನು ಸಿಂಕಿನ ಹತ್ತಿರ ನಿಂತಿದ್ದೆ. ಕೈ ಒರೆಸಿಕೊಂಡು ಬಂದು ಕಾಗದ ಎಳೆದುಕೊಂಡೆ. ಅಪ್ಪನ ಹೆಸರು ಬರೆದೆ. ತೌನೊ ಕೆಂಪೈನೆನ್, ನಲವತ್ತೆರಡನೇ ಸಲ.

"ಏನ್ ಮಾಡ್ತಿದೀಯ?"

"ನಾನು ತುಂಬ್ತೀನಿ ಅಪ್ಪ."

"ಏನಿಟ್ಟು ತುಂಬ್ತೀಯ? ಬಟಾಣಿ ಇಟ್ಟಾ?"

"ಗ್ಲೆನ್‌ದು ರೈಫಲ್ಲಿನ ಚಿಕ್ಕ ಪ್ರೈಮರ್ ಇದೆ. ಸಾವಿರದ ಪೆಟ್ಟಿಗೆ, ಒಡೆದೇ ಇಲ್ಲ."

ಡೆನ್ಜಿಲ್ ಪ್ಯಾಸ್ಟಿ ಕೆಳಗಿಟ್ಟರು.  ರೈಫಲ್ಲಿನ ಚಿಕ್ಕ ಪ್ರೈಮರೂ ಕೈಬಂದೂಕಿನ ಚಿಕ್ಕ ಪ್ರೈಮರೂ ಅಳತೆಯಲ್ಲಿ ಒಂದೇ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾಡಿದವನೂ ಗುರುತಿಸಲಾರ. ಸ್ವಭಾವ ಮಾತ್ರ ಬೇರೆ. ರೈಫಲ್ಲಿನದರ ಲೋಹ ಗಟ್ಟಿ, ಕಿಡಿ ಬಿಸಿ.

"ದರ್ಜಿ ಸೂಜಿ ಜಾಗಕ್ಕೆ ಗೋಣಿ ಹೊಲಿಯೋ ದಬ್ಬಳ," ಎಂದ ಅಪ್ಪ.

"ಹೊಲಿಗೆ ಬೀಳುತ್ತೋ ಇಲ್ವೋ?"

"ಹೊಲಿಯೋರ ಮೇಲಿದೆ. ಕಿಡಿ ಬಿಸಿ, ಮದ್ದಿನ ಅಳತೆ ಇಳಿಸಬೇಕು," ಎಂದ.

"ಗೊತ್ತು."

"ಗೊತ್ತಿರೋದಲ್ಲ, ಇಳಿಸ್ಬೇಕು. ಕೆಳಗಿನ ಮೆಟ್ಟಿಲಿಂದ ಹತ್ತು. ಹಾರ್ಕೊಂಡು ಹೋಗ್ಬೇಡ."

"ನಾನು ತುಂಬಿದ್ರೆ ಹಾರಿಸ್ತೀಯಾ?"

ಅಪ್ಪ ಕೆಚಪ್ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತ. ನಡುಗುವ ಕೈಗೆ ಅದು ಸಿಗುತ್ತಿರಲಿಲ್ಲ. "ನೋಡೋಣ," ಎಂದ.

ಮೂವತ್ತೆರಡು ವರ್ಷಗಳಲ್ಲಿ ಅವನ ಬಾಯಿಂದ ಬಂದ, 'ಹೂಂ' ಅನ್ನುವುದಕ್ಕೆ ಅತಿ ಹತ್ತಿರದ ಮಾತು ಅದು. ನನಗೆ ಸಾಕಿತ್ತು. ಇನ್ನೆಷ್ಟು ಅಕ್ಟೋಬರ್ ಅವನ ಕೈ ಗನ್ನನ್ನು ಎತ್ತಿ ಹಿಡಿದೀತು? ಈ ಸಲ ತಪ್ಪಿದರೆ ಅಂದು ಕೊಟ್ಟ ಮಾತು ಬೆಂಚಿನ ಜೊತೆ ಬೆಡ್‌ಶೀಟಿನ ಕೆಳಗೇ ಉಳಿಯುತ್ತದೆ ಅಂತ ನನಗೆ ಸ್ಪಷ್ಟವಿತ್ತು.

ಮರುದಿನ ಮಧ್ಯಾಹ್ನ ಬೆಡ್‌ಶೀಟ್ ತೆಗೆದು ಮಡಚಿ ತೊಳೆಯಲು ಹಾಕಿದೆ. ಬೆಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಪ್ಪ ಕಲಿಸಿದ ಕ್ರಮ ನನ್ನ ಕೈಗೆ ಹಿಟ್ಟು ನಾದಿದಷ್ಟೇ ಅಭ್ಯಾಸ. ಬೆಂಚಿನ ಮೇಲೆ ಒಂದೇ ಬಗೆಯ ಮದ್ದು, ಒಂದೇ ಬಗೆಯ ಪ್ರೈಮರ್. ಪ್ರೈಮರ್ ತನ್ನ ಪೆಟ್ಟಿಗೆಯಲ್ಲೇ ಇರಬೇಕು, ಸೀಸೆಗೆ ಸುರಿಯುವಂತಿಲ್ಲ. ರೇಡಿಯೊ ಬಂದ್. ಪ್ರತಿ ಕೊಳವೆಗೂ ದೀಪ ಹಿಡಿದು ಇಣುಕಿ ನೋಡಿದ ಮೇಲೆಯೇ ಗುಂಡು. ಯಾವ ತೋಟೆಗೆ ಎಷ್ಟು ಮದ್ದು ಅಂತ ಹೇಳುವ ತೂಕದ ಪುಸ್ತಕ ತೆರೆದು, ನನ್ನ ಮಾಮೂಲಿ ಅಳತೆಯನ್ನು ಮರೆತು, ಅದು ಹೇಳುವ ಅತಿ ಕೆಳಗಿನ ಅಳತೆಯಿಂದ ಶುರು ಮಾಡಿದೆ. ಒಂದೊಂದು ಮೆಟ್ಟಿಲಿಗೆ ಹತ್ತು ತೋಟೆ, ಪ್ರತಿ ಹತ್ತಕ್ಕೂ ಬೇರೆ ಡಬ್ಬಿ, ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ "ರೈಫಲ್ ಪ್ರೈಮರ್" ಅಂತ ಚೀಟಿ.

ಮೂರು ಮಧ್ಯಾಹ್ನ ಊರಾಚೆಯ ಜಲ್ಲಿ ಗುಂಡಿಗೆ ಹೋಗಿ ಹಾರಿಸಿದೆ. ನನ್ನ ರಿವಾಲ್ವರ್ ಅಪ್ಪನದ್ದರ ತಂಗಿಯಂತಿದೆ. ಅದೇ ಕಂಪನಿ, ಅದೇ ಮಾದರಿ, ಆರು ವರ್ಷ ಚಿಕ್ಕದು. ಒಂದೂ ಕೈಕೊಡಲಿಲ್ಲ. ಹಾರಿದ ಮೇಲೆ ಪ್ರೈಮರುಗಳ ಮುಖ ನೋಡಿದೆ. ಒತ್ತಡ ಜಾಸ್ತಿಯಾದರೆ ಅವು ರೊಟ್ಟಿ ತಟ್ಟಿದಂತೆ ಚಪ್ಪಟೆಯಾಗುತ್ತವೆ. ಇವು ದುಂಡಗೇ ಇದ್ದವು. ಎರಡನೇ ಮೆಟ್ಟಿಲಿನಲ್ಲೇ ಗುಂಡುಗಳು ಒಂದು ಬಿಸ್ಕತ್ತಿನಗಲಕ್ಕೆ ಗುಂಪಾದವು. ಅದೇ ಅಳತೆಯಲ್ಲಿ ಇನ್ನೂ ಹತ್ತು ಹಾರಿಸಿ ನೋಡಿ, ಅಲ್ಲಿಗೇ ನಿಲ್ಲಿಸಿ ಎಂಬತ್ತು ತುಂಬಿದೆ.

ಪಂದ್ಯಕ್ಕೆ ಸರಿಯಾಗಿ ಒಂದು ವಾರ ಮುಂಚಿನ ಶನಿವಾರ ಅಪ್ಪನನ್ನು ಕ್ಲಬ್ಬಿಗೆ ಕರೆದುಕೊಂಡು ಹೋದೆ. ಡೆನ್ಜಿಲ್ ಆಗಲೇ ಬಂದು ಥರ್ಮಾಸ್ ತೆರೆದು ಕೂತಿದ್ದರು. ಅಪ್ಪ ನನ್ನ ಡಬ್ಬಿ ತೆರೆದು, ಆರು ತೋಟೆ ತೆಗೆದು, ಒಂದೊಂದರ ಬುಡವನ್ನೂ ಹೆಬ್ಬೆರಳಿನಿಂದ ಸವರಿದ. ಸವರುತ್ತಾನೆ ಅಂತ ನನಗೆ ಗೊತ್ತಿತ್ತು. ಅಭ್ಯಾಸಕ್ಕೆ ತಾನೇ, ಸವರಲಿ.

ರಿವಾಲ್ವರ್ ಎತ್ತಿದ. ನಡುಕ ಗನ್ನಿನ ಮೂತಿಯವರೆಗೂ ಹೋಯಿತು. ಅವನು ಉಸಿರು ಬಿಟ್ಟ, ನಡುಕ ನಿಂತಿತು.

ಟಕ್.

ಏನೂ ಹಾರಲಿಲ್ಲ. ಅಪ್ಪ ಅಲ್ಲಾಡದೆ ಮೂತಿಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ನಿಂತ. ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಳ್ಳಲಿಲ್ಲ. ಮತ್ತೆ ಟ್ರಿಗರ್ ಎಳೆದ. ಟಕ್. ಮೂರನೆಯದು ಹಾರಿತು. ನಾಲ್ಕು, ಟಕ್. ಐದು ಹಾರಿತು. ಆರು, ಟಕ್. ಪ್ರತಿ ಟಕ್ಕಿಗೂ ಅರ್ಧ ನಿಮಿಷದ ಮೌನ.

"ಏನಮ್ಮಾ ಸೈಮಾ," ಎಂದರು ಡೆನ್ಜಿಲ್, "ಮದ್ದಿನ ಬದಲು ಬ್ರೆಡ್ ಹಿಟ್ಟು ಹಾಕಿದೀಯಾ? ಉಬ್ಬೋಕೆ ಇನ್ನೊಂದು ಗಂಟೆ ಬೇಕೇನೋ?"

ಬೇರೆ ದಿನವಾಗಿದ್ದರೆ ಅಪ್ಪ ನಗುತ್ತಿದ್ದ. ಅವನು ತೋಟೆಗಳನ್ನು ಹೊರಗೆ ಸುರಿದು, ಹಾರದ ನಾಲ್ಕನ್ನು ಬೇರೆಯಾಗಿ ಬೆಂಚಿನ ಮೇಲೆ ಸಾಲಾಗಿ ಇಟ್ಟ. ಗನ್ನನ್ನು ಬಟ್ಟೆಯಲ್ಲಿ ಸುತ್ತಿದ.

"ಸತ್ತಿವೆ ಮಗಳೇ ಇವು."

"ಸತ್ತಿಲ್ಲ. ನಾನು ಮೂವತ್ತು ಹಾರಿಸಿದೀನಿ."

"ನಾನು ಎರಡು ಹಾರಿಸಿದೀನಿ." ಡೆನ್ಜಿಲ್ ಕಡೆಗೆ ತಿರುಗಿದ. "ನನ್ನ ಹೆಸರು ಹೊಡೆದುಹಾಕು."

ಹಾರದ ನಾಲ್ಕನ್ನು ಜೇಬಿಗೆ ಹಾಕಿಕೊಂಡು ಕಾರು ಹೊರಡಿಸಿದೆ. ನನಗೆ ಅಳು ಬರಲಿಲ್ಲ. ಬಂದಿದ್ದು ಲೆಕ್ಕ ತಪ್ಪಿದಾಗ ಬರುವ ತುರಿಕೆ. ಬ್ರೆಡ್ ಉಬ್ಬದಿದ್ದರೆ ಯೀಸ್ಟ್ ಕೆಟ್ಟಿರಬೇಕು, ನೀರು ಜಾಸ್ತಿ ಬಿಸಿಯಾಗಿರಬೇಕು ಅಥವಾ ಒಲೆ ತಣ್ಣಗಿರಬೇಕು. ಇಲ್ಲಿಯೂ ಹಾಗೇ, ಯಾವುದೋ ಒಂದು. ಹುಡುಕಿದರೆ ಸಿಗುತ್ತದೆ.

ಅಪ್ಪ ಸೌನಾಗೆ, ಅಂದರೆ ಹಬೆಸ್ನಾನದ ಕೋಣೆಗೆ, ಕಟ್ಟಿಗೆ ಹಾಕಲು ಹೋದ. ಶನಿವಾರ ಅಂದರೆ ಸೌನಾ, ಅದು ಯಾವ ಪಂದ್ಯಕ್ಕೂ ನಿಲ್ಲುವುದಿಲ್ಲ. ನಾನು ಕೆಳಗೆ ಹೋಗಿ ನಾಲ್ಕು ತೋಟೆಗಳನ್ನು ಭೂತಗನ್ನಡಿಯ ಕೆಳಗೆ ಇಟ್ಟೆ. ಮೊದಲು ನನ್ನ ತಪ್ಪನ್ನೇ ಹುಡುಕಿದೆ. ಪ್ರೈಮರ್ ಮೇಲೆದ್ದು ಕೂತಿದೆಯೇ? ಇಲ್ಲ, ನಾಲ್ಕೂ ಬುಡದ ಮಟ್ಟಕ್ಕಿಂತ ಕೂದಲೆಳೆ ಕೆಳಗೇ. ಆಮೇಲೆ ಕುದುರೆ ಬಡಿದ ಗುರುತು ನೋಡಿದೆ. ನನ್ನ ಗನ್ನಿನಲ್ಲಿ ಹಾರಿದ ಖಾಲಿ ಕೊಳವೆಯನ್ನು ಪಕ್ಕದಲ್ಲಿಟ್ಟೆ.

ನನ್ನದರಲ್ಲಿ ಗುಳಿ ಆಳವಾಗಿತ್ತು, ಹಿಟ್ಟಿಗೆ ಬೆರಳೊತ್ತಿದ ಹಾಗೆ. ಅಪ್ಪನದರಲ್ಲಿ ಕೋಳಿಮರಿ ಕುಕ್ಕಿದ ಹಾಗೆ ಒಂದು ಚುಕ್ಕೆ.

ಆ ನಾಲ್ಕನ್ನೂ ತೆಗೆದುಕೊಂಡು ಜಲ್ಲಿ ಗುಂಡಿಗೆ ಓಡಿದೆ. ನನ್ನ ಗನ್ನಿಗೆ ಹಾಕಿ ಎಳೆದೆ. ನಾಲ್ಕೂ ಹಾರಿದವು.

ಕಾರಿನಲ್ಲಿ ಕೂತು ಒಂದು ನಿಮಿಷ ನಕ್ಕೆ. ತೋಟೆ ಸತ್ತಿರಲಿಲ್ಲ. ಅಪ್ಪನ ಕುದುರೆಗೇ ಬಲವಿಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅವನು ತನ್ನ ರಿವಾಲ್ವರಿನ ಟ್ರಿಗರನ್ನು ತಾನೇ ಹಗುರ ಮಾಡಿಕೊಂಡಿದ್ದ. ಬೆಣ್ಣೆಯ ಹಾಗೆ ಅಂತ ಊರೆಲ್ಲ ಹೊಗಳಿದ್ದರು. ಹಗುರ ಟ್ರಿಗರ್ ಅಂದರೆ ಹಗುರ ಏಟು. ಮೆತ್ತನೆಯ ಪ್ರೈಮರಿಗೆ ಅಷ್ಟು ಏಟು ಸಾಕು. ರೈಫಲ್ಲಿನ ಗಟ್ಟಿ ತಲೆಗೆ ಸಾಲದು.

ತಪ್ಪು ನನ್ನದೂ ಇತ್ತು. ಯಾವ ಗನ್ನಿಗೆ ತುಂಬುತ್ತೀಯೋ ಆ ಗನ್ನಿನಲ್ಲೇ ನೋಡು ಅಂತ ಅಪ್ಪನೇ ಕಲಿಸಿದ್ದ. ಅವನ ಗನ್ನನ್ನು ಯಾರೂ ಮುಟ್ಟುವುದಿಲ್ಲ ಅನ್ನುವುದು ಮನೆಯಲ್ಲಿ ಎಷ್ಟು ಹಳೆಯ ನಿಯಮವೆಂದರೆ, ಕೇಳಬಹುದು ಅಂತಲೂ ನನಗೆ ಹೊಳೆದಿರಲಿಲ್ಲ.

ಸೌನಾ ಮುಗಿಸಿ ಬಂದ ಅಪ್ಪ ಕೆಂಪು ಮುಖದಲ್ಲಿ ಅಡುಗೆಮನೆಯ ಮೇಜಿಗೆ ಕೂತ. ಏಲಕ್ಕಿ ಬ್ರೆಡ್ಡನ್ನು ಕಾಫಿಗೆ ಅದ್ದಿದ. ನಾನು ಎದುರು ಕೂತೆ.

"ನಾಲ್ಕೂ ಹಾರಿದವು ಅಪ್ಪ. ನನ್ನ ಗನ್ನಲ್ಲಿ."

ಅವನು ಬ್ರೆಡ್ ಅಗಿದ.

"ತೊಂದ್ರೆ ಇರೋದು ನಿನ್ನ ಗನ್ನಲ್ಲಿ."

"ನನ್ನ ಗನ್ನಲ್ಲಿ." ಬ್ರೆಡ್ ತಟ್ಟೆಗೆ ಹೋಯಿತು. "ನಿನ್ನ ವಯಸ್ಸಿಗಿಂತ ಜಾಸ್ತಿ ವರ್ಷ ಅದು ನನ್ನ ಹತ್ರ ಇದೆ. ಒಂದು ಸಲ, ಒಂದೇ ಒಂದು ಸಲ ಕೈಕೊಟ್ಟಿದೆಯಾ ಕೇಳು ಆ ಡೆನ್ಜಿಲ್‌ನ."

"ಅಷ್ಟು ವರ್ಷವೂ ನೀನು ಅದಕ್ಕೆ ಮೆತ್ತಗಿನ ಪ್ರೈಮರನ್ನೇ ತಿನ್ನಿಸಿದೀಯ. ಹಲ್ಲಿಲ್ಲದ ಮುದುಕನಿಗೆ ಗಂಜಿ ಕೊಟ್ಟ ಹಾಗೆ. ಈಗ ಕಡಲೆ ಬಂದಿದೆ, ಕಡಿಯಕ್ಕಾಗ್ತಿಲ್ಲ."

"ಯಾರಿಗೇ ಹಲ್ಲಿಲ್ಲದ್ದು?"

"ಗನ್ನಿಗೆ ಅಪ್ಪ, ಗನ್ನಿಗೆ."

"ತುಂಬಿದವರು ಗನ್ನಿನ ಮೇಲೆ ತಪ್ಪು ಹೊರಿಸೋದು, ಕುಣಿಯೋಕ್ ಬರದವಳು ನೆಲ ಡೊಂಕು ಅಂದ ಹಾಗೆ."

ನಾನು ವಾದಿಸಲಿಲ್ಲ. ಎರಡು ಖಾಲಿ ಕೊಳವೆ ತೆಗೆದು ಮೇಜಿನ ಮೇಲೆ ಬುಡ ಮೇಲೆ ಮಾಡಿ ಇಟ್ಟೆ. ಮೊದಲನೆಯದು ಬೆಳಗ್ಗೆ ಅವನ ಗನ್ನಿನಲ್ಲಿ ಹೇಗೋ ಹಾರಿದ್ದ ಎರಡರಲ್ಲಿ ಒಂದು, ಇನ್ನೊಂದು ನನ್ನ ಗನ್ನಿನಲ್ಲಿ ಹಾರಿದ್ದು.

"ಕಣ್ಣು ಬೇಡ. ಹೆಬ್ಬೆರಳು ಆಡಿಸು."

ಅವನು ನನ್ನನ್ನು ನೋಡಿದ. ಆಮೇಲೆ ಕೈ ಮುಂದೆ ಮಾಡಿದ. ನಡುಗುವ ಕೈ ಕೊಳವೆಯ ಮೇಲೆ ಇಳಿದು ನಿಂತಿತು. ಹೆಬ್ಬೆರಳು ಒಂದರ ಬುಡ ಸವರಿತು, ಇನ್ನೊಂದರ ಬುಡ ಸವರಿತು. ಮತ್ತೆ ಮೊದಲನೆಯದಕ್ಕೆ ಬಂತು. ಉಗುರಿನ ತುದಿಯನ್ನು ಗುಳಿಗೆ ಇಳಿಸಿ ನೋಡಿದ. ಒಂದರಲ್ಲಿ ಉಗುರು ಸಿಕ್ಕಿ ನಿಂತಿತು. ಇನ್ನೊಂದರಲ್ಲಿ ಜಾರಿತು.

ಕಾಫಿ ಆರಿತು. ಅವನು ಜಾರಿದ್ದನ್ನೇ ನಾಲ್ಕೈದು ಸಲ ಸವರಿದ.

"ಸ್ಕ್ರೂ," ಎಂದ ಕೊನೆಗೆ.

"ಯಾವ ಸ್ಕ್ರೂ?"

"ಹಿಡಿಯೊಳಗೆ ಮುಂದ್ಗಡೆ ಒಂದಿದೆ. ಪಟ್ಟಿ ಸ್ಪ್ರಿಂಗನ್ನ ಒತ್ತಿ ಹಿಡಿಯೋದು. ಅದರ ತುದಿ ಉಜ್ಜಿದ್ದೆ. ಉಜ್ಜಿದಷ್ಟೂ ಸ್ಪ್ರಿಂಗ್ ಸಡಿಲ, ಟ್ರಿಗರ್ ಹಗುರ." ತಲೆ ಎತ್ತದೆ ಹೇಳಿದ. "ಒಂಚೂರು ಜಾಸ್ತೀನೇ ಉಜ್ಜಿದ್ದೆ. ಆಗ್ಲೇ ಗೊತ್ತಿತ್ತು. ನಡೀತಿದೆಯಲ್ಲ ಅಂತ ಬಿಟ್ಟೆ."

"ಹೊಸದು ತರಿಸೋಣ?"

"ಈ ವರ್ಷ ತರಿಸಿದ್ರೆ ಕ್ರಿಸ್‌ಮಸ್ಸಿಗೆ ಬರುತ್ತೆ." ಖಾಲಿ ಕೊಳವೆಯನ್ನು ಮತ್ತೆ ಕೈಗೆತ್ತಿಕೊಂಡ. ಬುಡವನ್ನು ನೋಡುತ್ತಲೇ ಇದ್ದ. ಅವನ ಬಾಯಿಯ ಒಂದು ಮೂಲೆ ಮೇಲೆ ಹೋಯಿತು. ಲೇತಿನ ಮುಂದೆ ನಿಂತಾಗ ಬರುತ್ತಿದ್ದ ಮುಖ ಅದು, ನಾನು ಅದನ್ನು ಮಾರ್ಚಿನಿಂದ ಕಂಡಿರಲಿಲ್ಲ. "ಇದರ ಪ್ರೈಮರ್ ತೆಗಿ."

"ಯಾಕೆ?"

"ತೆಗಿಯೇ. ಸ್ಕ್ರೂಗೆ ಟೋಪಿ ಬೇಕು."

ಭಾನುವಾರ ಮಧ್ಯಾಹ್ನ ಇಬ್ಬರೂ ಬೆಂಚಿಗೆ ಕೂತೆವು. ಅಪ್ಪ ರಿವಾಲ್ವರ್ ಖಾಲಿ ಇದೆಯೆಂದು ಎರಡು ಸಲ ತೋರಿಸಿ, ಬಟ್ಟೆಯ ಮೇಲಿಟ್ಟು, ನನ್ನ ಕಡೆಗೆ ತಳ್ಳಿದ. ತೋಟೆಯ ಡಬ್ಬಿಯನ್ನು ತಳ್ಳುತ್ತಿದ್ದನಲ್ಲ, ಹಾಗೇ. ಅದರ ಹಿಡಿಯ ಮರವನ್ನು ನಾನು ಬಿಚ್ಚಿದ್ದು ಅದೇ ಮೊದಲು. ಒಳಗೆ ಅವನು ಹಾಕಿದ್ದ ಎಣ್ಣೆ ಜೇನಿನ ಬಣ್ಣಕ್ಕೆ ತಿರುಗಿತ್ತು.

"ಮೆಲ್ಲಗೆ ತಿರುಗಿಸು. ಆ ಸ್ಕ್ರೂ ಡ್ರೈವರ್ ಬೇಡ, ಪಕ್ಕದ್ದು. ತಲೆ ಕಿತ್ತುಹೋದ್ರೆ ನಿನ್ನ ತಲೆ ಕೀಳ್ತೀನಿ."

"ಹಿಟ್ಟು ನಾದೋ ಕೈ ಅಪ್ಪ ಇದು. ಮೆಲ್ಲಗೇನೇ."

ಸುಟ್ಟುಹೋದ ಪ್ರೈಮರನ್ನು ಕೊಳವೆಯಿಂದ ಹೊರಗೆ ತಳ್ಳಿ, ಅದರೊಳಗಿನ ಮೂರು ಕಾಲಿನ ಲೋಹದ ಚೂರನ್ನು ಬೀಳಿಸಿದೆ. ಉಳಿದದ್ದು ಖಾಲಿ ಬಟ್ಟಲು. ಅದನ್ನು ಸ್ಕ್ರೂ ತುದಿಗೆ ತೊಡಿಸಿದೆ. ಹೊಲಿಯುವವರ ಬೆರಳಿಗೆ ತಗಡಿನ ಟೋಪಿ ಹಾಕಿದಷ್ಟು ಸರಿಯಾಗಿ ಕೂತಿತು. ಅಪ್ಪ ಉಜ್ಜಿ ಕಳೆದದ್ದನ್ನು ನನ್ನ ಪ್ರೈಮರ್ ತುಂಬಿಕೊಟ್ಟಿತು. ಸ್ಕ್ರೂ ಒಳಗೆ ಹೋಯಿತು, ಸ್ಪ್ರಿಂಗ್ ಬಾಗಿತು. ಅಪ್ಪ ಖಾಲಿ ಗನ್ನಿನ ಟ್ರಿಗರ್ ಎಳೆದು ನೋಡಿದ.

"ಬೆಣ್ಣೆ ಹೋಯ್ತು," ಎಂದ. "ಕಲ್ಲಾಯ್ತು."

"ಎಳೆಯಕ್ಕಾಗುತ್ತಾ?"

"ಕುದುರೇನ ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆದು ನಿಲ್ಸಿ ಹಾರಿಸ್ತೀನಿ, ಆಗ ಟ್ರಿಗರ್ ಹಗುರ ಆಗುತ್ತೆ. ಹಳಬರ ಪಂದ್ಯದಲ್ಲಿ ಟೈಮ್ ಇರುತ್ತೆ." ಹಾಗೇ ಮಾಡಿದ. ಹೆಬ್ಬೆರಳಿನ ಗಂಟು ಬಿಳಿಚಿತು. "ನೋವಾಗುತ್ತೆ. ಆಗಲಿ. ಈ ಬೆರಳಿಗೆ ಬೇರೆ ಕೆಲಸ ಏನಿದೆ."

ಸೋಮವಾರ ಕೆಲಸ ಮುಗಿಸಿ ಅವನ ರಿವಾಲ್ವರಿನೊಂದಿಗೆ ಇಬ್ಬರೂ ಜಲ್ಲಿ ಗುಂಡಿಗೆ ಹೋದೆವು. ಅವನು ಕಾರಿಗೆ ಒರಗಿ ನಿಂತ. "ನೀನೇ ಹಾರಿಸು," ಎಂದ. ಎಂಬತ್ತರಲ್ಲಿ ಉಳಿದಿದ್ದ ಎಪ್ಪತ್ತನಾಲ್ಕರಿಂದ ಹದಿನಾಲ್ಕು ಹಾರಿಸಿದೆ. ಹದಿನಾಲ್ಕೂ ಹಾರಿದವು. ಗುಳಿಗಳು ಆಳವಾಗಿದ್ದವು. ಉಳಿದದ್ದು ಸರಿಯಾಗಿ ಅರವತ್ತು.

ಶುಕ್ರವಾರ ಸಂಜೆ ಊಟದ ಮುಂಚೆ ಆ ಅರವತ್ತನ್ನೂ ಮೇಜಿನ ಮೇಲೆ ಹರಡಿ ಒಂದೊಂದರ ಬುಡವನ್ನೂ ನಾನೇ ಸವರಿದೆ. ಅರವತ್ತು ಮುಗಿದ ಮೇಲೆ ಮತ್ತೆ ಮೊದಲಿನಿಂದ. ಅಪ್ಪ ಎದುರು ಕೂತು ಪೇಪರ್ ಓದುತ್ತಿದ್ದ. ಒಂದು ಪುಟವನ್ನೂ ತಿರುಗಿಸಲಿಲ್ಲ.

ಪಂದ್ಯದ ದಿನ ಚಳಿ ಇತ್ತು, ಗಾಳಿ ಇರಲಿಲ್ಲ. ಹದಿನೈದು ಮಂದಿ ಹಳಬರು. ಡೆನ್ಜಿಲ್ ಹೆಸರು ಹೊಡೆದುಹಾಕಿರಲಿಲ್ಲ. "ಹೊಡೆಯೋಕೆ ಪೆನ್ನು ಸಿಗ್ಲಿಲ್ಲ," ಎಂದರು. ಅಪ್ಪನ ಪಕ್ಕದ ಸಾಲಿನಲ್ಲೇ ನಿಂತಿದ್ದರು. ನಾನು ಹಗ್ಗದ ಹಿಂದೆ, ಮೂರು ಹೆಜ್ಜೆ ದೂರ.

ಅಪ್ಪ ನನ್ನ ಡಬ್ಬಿಯ ಮುಚ್ಚಳ ತೆಗೆದ. ರಿವಾಲ್ವರಿನಲ್ಲಿ ಆರು ತೋಟೆ ಹಿಡಿಯುವ ಉರುಳೆಯನ್ನು ಹೊರಳಿಸಿ ತೆರೆದ. ಮೊದಲ ತೋಟೆ ತೆಗೆದ. ಅದರ ಬುಡ ಅವನ ಹೆಬ್ಬೆರಳಿನ ಕೆಳಗೇ ಇತ್ತು. ಬೆರಳು ಒಂದು ಕ್ಷಣ ಅದರ ಮೇಲೆ, ಕಾಗದದಷ್ಟು ಎತ್ತರದಲ್ಲಿ ನಿಂತಿತು. ಆಮೇಲೆ ಪಕ್ಕಕ್ಕೆ ಸರಿಯಿತು. ತೋಟೆಯ ಬದಿಗಳನ್ನು ಮಾತ್ರ ಹಿಡಿದು ಉರುಳೆಗೆ ಇಳಿಸಿದ. ಎರಡನೆಯದು. ಮೂರನೆಯದು.

ಡೆನ್ಜಿಲ್ ತಾವು ತುಂಬುವುದನ್ನು ನಿಲ್ಲಿಸಿ ನೋಡುತ್ತಿದ್ದರು. "ತೌನೊ, ಬೆರಳು ಆಡಿಸೋದು ಮರೆತೆ ಕಣೋ."

"ಮರೆತಿಲ್ಲ."

"ಮತ್ತೆ?"

"ನಿನ್ನ ತೋಟೆ ನೋಡ್ಕೋ ಹೋಗೋ ಮುದುಕಾ."

ಆರು ಒಳಗೆ ಹೋದವು. ಅವನು ಕುದುರೆಯನ್ನು ಹಿಂದಕ್ಕೆ ಎಳೆದ, ಗಂಟು ಬಿಳಿಚಿತು, ಉಸಿರು ಬಿಟ್ಟ. ಗುಂಡು ಹಾರಿತು. ಎರಡನೆಯದೂ ಹಾರಿತು. ಆರನೆಯದಾದ ಮೇಲೆ ಗನ್ ಕೆಳಗಿಟ್ಟು ಕೈ ಕೊಡವಿದ, ನನ್ನ ಕಡೆ ತಿರುಗಲಿಲ್ಲ. ಮತ್ತೆ ಆರು ತುಂಬಿದ. ಹೀಗೆ ಹತ್ತು ಸಲ. ಏಳನೇ ಸಲದ ಹೊತ್ತಿಗೆ ಹೆಬ್ಬೆರಳಿನ ಚರ್ಮ ಸುಲಿದಿತ್ತು. ಕ್ಲಬ್ಬಿನವರು ಪಟ್ಟಿ ಕೊಡಲು ಬಂದರೆ ಕೈ ಬೀಸಿ ಕಳಿಸಿದ.

ಡೆನ್ಜಿಲ್ ಮೂರನೆಯವರಾದರು. ಅಪ್ಪ ಒಂಬತ್ತನೆಯವನು, ನಲವತ್ತೆರಡು ಪಂದ್ಯಗಳಲ್ಲಿ ಅವನು ಅಷ್ಟು ಕೆಳಗೆ ಇಳಿದದ್ದಿಲ್ಲ. ಡೆನ್ಜಿಲ್ ಅದನ್ನು ಪ್ಯಾಸ್ಟಿ ಮುಗಿಯುವ ತನಕ ಹೇಳಿದರು. ಅಪ್ಪ ಕೆಚಪ್ ಸುರಿದುಕೊಂಡು ಕೇಳಿದ.

ನಾನು ತುಂಬಿದ ಅರವತ್ತನ್ನೂ ಅಪ್ಪ ತನ್ನ ರಿವಾಲ್ವರಿನಲ್ಲಿ ಹಾರಿಸಿದ. ಒಂದರ ಬುಡವನ್ನೂ ಸವರಲಿಲ್ಲ. ಕೊಟ್ಟ ಮಾತನ್ನು ನಡೆಸಿದ.